ಯಾರ ಚೀಟಿ ಯಾರಿಗೆ?

ಮಕ್ಕಳೇ, ಚಿಕ್ಕಪೇಟೆಯ ಅಂಗಡಿಗಳಲ್ಲಿ "ಇದು ಸೂರತ್ ಮಾಲು" ಎನ್ನುತ್ತಾ ಸೀರೆ ಬಿಡಿಸಿ ತೋರಿಸುತ್ತಾರಲ್ಲ, ಆ ಸೀರೆಯನ್ನು ಮಾಡಿದವರು ಯಾರು? ಒಂದೇ ಹೆಸರು ಹೇಳಲು ಆಗುವುದಿಲ್ಲ. ಗುಜರಾತಿನ ಸೂರತ್‌ನಲ್ಲಿ ಒಬ್ಬರು ನೂಲಿಗೆ ಹುರಿ ಹಾಕಿರುತ್ತಾರೆ. ಇನ್ನೊಬ್ಬರು ವಿದ್ಯುತ್ ಮಗ್ಗದಲ್ಲಿ ನೇಯ್ದಿರುತ್ತಾರೆ. ಮಗ್ಗದಿಂದ ಇಳಿದ ಬಣ್ಣವಿಲ್ಲದ ಬಟ್ಟೆ ಪಾಂಡೇಸರಾ ಕಡೆಯ ಮಿಲ್ಲಿಗೆ ಹೋಗಿ, ಬಣ್ಣ ಹಾಕಿಸಿಕೊಂಡು, ಅಚ್ಚು ಒತ್ತಿಸಿಕೊಂಡು ಬಂದಿರುತ್ತದೆ. ಆಮೇಲೆ ಕಸೂತಿ ಯಂತ್ರದವರ ಕೈ, ಲೇಸು ಹೊಲಿಯುವವರ ಕೈ, ಹರಳು ಅಂಟಿಸುವವರ ಕೈ. ಕೊನೆಗೆ ಮಡಿಕೆ, ಪೊಟ್ಟಣ, ಲಾರಿ.

ಮಾಡಿಸುವ ವ್ಯಾಪಾರಿ ಇವರೆಲ್ಲರಿಗೂ ಒಂದೇ ಚೀಟಿ ಬರೆದು ಕಳಿಸಿದರೆ ಕೆಲಸ ನಡೆಯದು. ನೇಯುವವರಿಗೆ ಬಟ್ಟೆಯ ಪನ್ನ ಎಷ್ಟು ಎಂದು ಹೇಳಬೇಕು. ಬಣ್ಣದವರಿಗೆ ಯಾವ ಬಣ್ಣ, ಎಷ್ಟು ಕಾವು ಎಂದು ಹೇಳಬೇಕು. ಪಾಲಿಯೆಸ್ಟರ್ ನೂಲಿನೊಳಗೆ ಬಣ್ಣ ಇಳಿಯಲು 100 ಡಿಗ್ರಿಯ ಕುದಿನೀರು ಸಾಲದು. ನೀರನ್ನು ಒತ್ತಡದಲ್ಲಿಟ್ಟು ಸುಮಾರು 130 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. "130 ಡಿಗ್ರಿ" ಎಂದು ಬರೆದ ಚೀಟಿ ಮಗ್ಗದವರ ಕೈಗೆ ಸಿಕ್ಕರೆ ಅವರೇನು ಮಾಡಿಯಾರು? ಬಣ್ಣ ಹಾಕುವುದು ಬೇರೆಯದೇ ವಿದ್ಯೆ. ವಡೋದರಾದಲ್ಲಿ 1890ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ ಕಲಾಭವನ ಎಂಬ ಕೈಗಾರಿಕಾ ಶಾಲೆ ಶುರುವಾದಾಗ, ಅದನ್ನು ಕಟ್ಟಿ ಬೆಳೆಸಿದ ಸೂರತ್‌ನ ರಸಾಯನ ವಿಜ್ಞಾನಿ ತ್ರಿಭುವನದಾಸ್ ಗಜ್ಜರ್ ಅವರು ಬಣ್ಣಗಾರಿಕೆಯನ್ನು ವಿಜ್ಞಾನದ ಪಾಠವಾಗಿಯೇ ಕಲಿಸಿದರು.

ಇವತ್ತು ನಾನು ಹೇಳಹೊರಟಿರುವುದು ಸೀರೆಯ ವಿಷಯವಲ್ಲ, ಕಂಪ್ಯೂಟರಿನ ವಿಷಯ. ಆದರೆ ಅಲ್ಲಿಯೂ ಒಂದು ಕೆಲಸಕ್ಕೆ ಹಲವು ಕೈಗಳಿವೆ, ಒಂದೊಂದು ಕೈಗೂ ಒಂದೊಂದು ಚೀಟಿಯಿದೆ. ಆ ಚೀಟಿಗಳನ್ನು ಸರಿಯಾಗಿ ಹಂಚುವುದೇ ಒಂದು ಜಾಣತನ.

ಕಾಣದ ಕಂಪ್ಯೂಟರುಗಳು

ಕಂಪ್ಯೂಟರ್ ಎಂದ ಕೂಡಲೇ ನಿಮ್ಮ ಕಣ್ಣಿಗೆ ಪರದೆ, ಕೀಲಿಮಣೆ ಬರುತ್ತವೆ. ಇವೆರಡೂ ಇಲ್ಲದ ಕಂಪ್ಯೂಟರುಗಳೇ ಜಗತ್ತಿನಲ್ಲಿ ಹೆಚ್ಚು. ಅಹಮದಾಬಾದಿನ ಮೆಟ್ರೋ ನಿಲ್ದಾಣದಲ್ಲಿ ಟಿಕೆಟ್ ತೋರಿಸಿದರೆ ತೆರೆದುಕೊಳ್ಳುವ ಗೇಟಿನೊಳಗೆ ಒಂದಿದೆ. ವಡೋದರಾದ ಮನೆಗಳ ಗೋಡೆಗೆ ವಿದ್ಯುತ್ ಕಂಪನಿ ಹಾಕುತ್ತಿರುವ ಸ್ಮಾರ್ಟ್ ಮೀಟರಿನೊಳಗೆ ಒಂದಿದೆ. ಸೂರತ್‌ನ ಕಸೂತಿ ಯಂತ್ರದಲ್ಲಿ ಸೂಜಿ ಎಲ್ಲಿ ಇಳಿಯಬೇಕು, ಯಾವ ಬಣ್ಣದ ದಾರ ಬರಬೇಕು ಎಂದು ಲೆಕ್ಕ ಹಾಕುವುದೂ ಅಂಥದ್ದೇ ಒಂದು. ನಿಮ್ಮ ಮನೆಯ ವಾಷಿಂಗ್ ಮಷೀನು, ರಿಮೋಟು, ಇಂಡಕ್ಷನ್ ಒಲೆಯಲ್ಲೂ ಇವೆ.

ಈ ಪುಟ್ಟ ಕಂಪ್ಯೂಟರಿಗೆ ಮೈಕ್ರೋಕಂಟ್ರೋಲರ್ ಎನ್ನುತ್ತಾರೆ. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ ಆರ್ಡುಯಿನೋ ಊನೋ ಬೋರ್ಡನ್ನು ಮುಟ್ಟಿದವರು ಅದರ ಮೇಲೆ ಉದ್ದನೆಯ ಕರಿ ಚಿಪ್ ಒಂದನ್ನು ನೋಡಿರುತ್ತೀರಿ. ಅದರ ಹೆಸರು ಎಟಿಮೆಗಾ328ಪಿ. ಪ್ರೋಗ್ರಾಂ ಇಟ್ಟುಕೊಳ್ಳಲು ಅದಕ್ಕೆ ಇರುವ ಜಾಗ 32 ಕಿಲೋಬೈಟ್. ಕೆಲಸ ಮಾಡುವಾಗ ಲೆಕ್ಕ ಬರೆದುಕೊಳ್ಳಲು ಇರುವ ಜಾಗ ಬರೀ 2 ಕಿಲೋಬೈಟ್, ಅಂದರೆ 2048 ಬೈಟ್. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ 3 ಬೈಟ್ ಬೇಕು. ಹಾಗಾಗಿ ಈ ಬರಹದ ಒಂದು ದೊಡ್ಡ ಪ್ಯಾರಾ ತುಂಬುವಷ್ಟರಲ್ಲಿ ಆ ಜಾಗ ಮುಗಿದೇಹೋಗುತ್ತದೆ.

ಇಷ್ಟು ಚಿಕ್ಕ ಯಂತ್ರದ ಒಳಗೇ ಕುಳಿತು ಅದಕ್ಕೆ ಬೇಕಾದ ಪ್ರೋಗ್ರಾಂ ಬರೆಯಲು ಸಾಧ್ಯವೇ? ಇಲ್ಲ. ದೊಡ್ಡ ಕಂಪ್ಯೂಟರಿನಲ್ಲಿ ಬರೆದು, ಅಲ್ಲೇ ಸಿದ್ಧಮಾಡಿ, ಚಿಕ್ಕದಕ್ಕೆ ತುಂಬಬೇಕು. ಇಲ್ಲಿ ಒಂದು ತೊಡಕಿದೆ.

ಎರಡು ಸೊನ್ನೆ, ಮೂರು ಅರ್ಥ

ಪ್ರತಿಯೊಂದು ಚಿಪ್‌ಗೂ ಅರ್ಥವಾಗುವುದು ಅಂಕಿಗಳು ಮಾತ್ರ. ಯಾವ ಅಂಕಿಗೆ ಯಾವ ಕೆಲಸ ಎಂಬುದು ಚಿಪ್‌ನ ಜಾತಿಗೆ ತಕ್ಕಂತೆ ಬೇರೆ. ಎರಡು ಬೈಟ್‌ಗಳನ್ನು ತೆಗೆದುಕೊಳ್ಳಿ, ಎರಡೂ ಸೊನ್ನೆ. ಆರ್ಡುಯಿನೋ ಊನೋದ ಚಿಪ್ ಇದನ್ನು ಓದಿದರೆ "ಈಗ ಏನೂ ಮಾಡಬೇಡ, ಮುಂದೆ ಹೋಗು" ಎಂದು ತಿಳಿಯುತ್ತದೆ. ನಿಮ್ಮ ಶಾಲೆಯ ಲ್ಯಾಬಿನಲ್ಲಿರುವ ಇಂಟೆಲ್ ಜಾತಿಯ ಕಂಪ್ಯೂಟರ್ ಅದೇ ಎರಡು ಸೊನ್ನೆಗಳನ್ನು ಓದಿದರೆ "ನೆನಪಿನ ಇಂಥ ಜಾಗದಲ್ಲಿರುವ ಸಂಖ್ಯೆಗೆ ಇನ್ನೊಂದನ್ನು ಕೂಡಿಸು" ಎಂದುಕೊಳ್ಳುತ್ತದೆ. ರಿಸ್ಕ್-ಫೈವ್ ಎಂಬ ಹೊಸ ಜಾತಿಯ ಚಿಪ್ "ಇದು ಸಲ್ಲದ ಆಜ್ಞೆ" ಎಂದು ನಿಂತುಬಿಡುತ್ತದೆ. ರಿಸ್ಕ್-ಫೈವ್ ಮಾಡಿದವರು ಬೇಕೆಂದೇ ಹಾಗೆ ಇಟ್ಟಿದ್ದಾರೆ. ನೆನಪಿನ ಖಾಲಿ ಜಾಗದಲ್ಲಿ ಸಾಮಾನ್ಯವಾಗಿ ಸೊನ್ನೆಗಳೇ ಇರುತ್ತವೆ. ಚಿಪ್ ದಾರಿ ತಪ್ಪಿ ಅಲ್ಲಿಗೆ ಹೋದರೆ ತಕ್ಷಣ ಗೊತ್ತಾಗಲಿ ಎಂಬುದು ಅವರ ಯೋಚನೆ.

ಹಾಗಾದರೆ ಇಂಟೆಲ್ ಕಂಪ್ಯೂಟರಿನಲ್ಲಿ ಕುಳಿತು, ಇಂಟೆಲ್‌ಗೆ ಅರ್ಥವಾಗದ, ಆರ್ಡುಯಿನೋಗೆ ಮಾತ್ರ ಅರ್ಥವಾಗುವ ಅಂಕಿಗಳನ್ನು ಹೊರತೆಗೆಯಬೇಕು. ಒಂದು ಯಂತ್ರದಲ್ಲಿ ಕುಳಿತು ಇನ್ನೊಂದು ಜಾತಿಯ ಯಂತ್ರಕ್ಕೆ ಪ್ರೋಗ್ರಾಂ ಸಿದ್ಧಮಾಡುವ ಈ ಕೆಲಸಕ್ಕೆ ಕ್ರಾಸ್ ಕಂಪೈಲಿಂಗ್ ಎಂದು ಹೆಸರು. ಅದಕ್ಕೆ ಬೇಕಾದ ಸಲಕರಣೆಗಳ ಸಾಲಿಗೆ ಟೂಲ್‌ಚೈನ್ ಎನ್ನುತ್ತಾರೆ.

ಸಾಲಿನಲ್ಲಿ ಯಾರು ಯಾರಿದ್ದಾರೆ?

ನೀವು ಸಿ ಭಾಷೆಯಲ್ಲಿ "ದೀಪ ಹತ್ತಿಸು, ಒಂದು ಸೆಕೆಂಡು ಕಾಯಿ, ದೀಪ ಆರಿಸು" ಎಂದು ಬರೆದಿದ್ದೀರಿ ಎನ್ನಿ. ಮೊದಲು ಅದನ್ನು ಕೈಗೆತ್ತಿಕೊಳ್ಳುವುದು ಕಂಪೈಲರ್. ಅದು ನಿಮ್ಮ ವಾಕ್ಯಗಳನ್ನು ಚಿಪ್‌ನ ಸಣ್ಣ ಸಣ್ಣ ಆಜ್ಞೆಗಳಾಗಿ ಬಿಡಿಸುತ್ತದೆ. ಆ ಆಜ್ಞೆಗಳು ಇನ್ನೂ ಅಕ್ಷರಗಳಲ್ಲೇ ಇರುತ್ತವೆ. ಎರಡನೆಯದು ಅಸೆಂಬ್ಲರ್. ಅದು ಅಕ್ಷರಗಳಲ್ಲಿರುವ ಆಜ್ಞೆಗಳನ್ನು ಅಂಕಿಗಳಾಗಿ ಬದಲಿಸುತ್ತದೆ. ಮೂರನೆಯದು ಲಿಂಕರ್. ಪ್ರೋಗ್ರಾಂ ಒಂದೇ ಕಡತದಲ್ಲಿ ಇರುವುದಿಲ್ಲ. ನೀವು ಬರೆದದ್ದು ಒಂದು, "ಕಾಯಿ" ಎಂಬ ಕೆಲಸವನ್ನು ಮೊದಲೇ ಬರೆದಿಟ್ಟವರದ್ದು ಇನ್ನೊಂದು. ಇವನ್ನೆಲ್ಲ ಜೋಡಿಸಿ, ಯಾವುದು ನೆನಪಿನ ಎಷ್ಟನೇ ಜಾಗದಲ್ಲಿ ಕೂರಬೇಕು ಎಂದು ಗೊತ್ತುಮಾಡುವುದು ಲಿಂಕರ್. ಇವುಗಳ ಜೊತೆಗೆ ಲೈಬ್ರರಿ ಇದೆ. ಅದು ಎಲ್ಲರಿಗೂ ಬೇಕಾಗುವ ಕೆಲಸಗಳನ್ನು ಮೊದಲೇ ಬರೆದಿಟ್ಟ ಸಂಗ್ರಹ. ತಪ್ಪು ಹುಡುಕಲು ಡಿಬಗ್ಗರ್ ಎಂಬುದೂ ಇದೆ.

ಇವೆಲ್ಲ ಒಂದೇ ಕಡೆ ಹುಟ್ಟಿದವಲ್ಲ. ಕಂಪೈಲರುಗಳಲ್ಲಿ ಬಹಳ ಬಳಕೆಯಲ್ಲಿರುವ ಜಿಸಿಸಿಯನ್ನು ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಮೊದಲು ಹೊರತಂದರು. ಅಸೆಂಬ್ಲರ್ ಮತ್ತು ಲಿಂಕರ್ ಬೈನ್‌ಯುಟಿಲ್ಸ್ ಎಂಬ ಬೇರೆ ಕಂತೆಯಲ್ಲಿವೆ. ಚಿಕ್ಕ ಚಿಪ್‌ಗಳಿಗೆ ನ್ಯೂಲಿಬ್ ಎಂಬ ಲೈಬ್ರರಿ ಇದೆ, ಆರ್ಡುಯಿನೋ ಊನೋದ ಜಾತಿಗೆ ಎವಿಆರ್-ಲಿಬ್‌ಸಿ ಎಂಬ ಇನ್ನೊಂದಿದೆ. ಒಂದೊಂದನ್ನೂ ಬೇರೆ ಬೇರೆ ಜನ, ಬೇರೆ ಬೇರೆ ದೇಶಗಳಲ್ಲಿ ಕುಳಿತು ತಿದ್ದುತ್ತಾ ಬಂದಿದ್ದಾರೆ. ಸೂರತ್‌ನ ಸೀರೆಯಂತೆ ಇಲ್ಲಿಯೂ ಮಾಲು ಕೈಯಿಂದ ಕೈಗೆ ದಾಟುತ್ತದೆ. ಇವುಗಳಿಗೆ ಕೊಡುವ ಚೀಟಿಗೆ ಕಂಪ್ಯೂಟರಿನವರು ಆಪ್ಷನ್ ಎನ್ನುತ್ತಾರೆ.

ಒಳಗಿನವರಿಗೆ ಬರೆದ ಚೀಟಿ

ಆರ್ಡುಯಿನೋ ತಂತ್ರಾಂಶದಲ್ಲಿ ನೀವು ಗುಂಡಿ ಒತ್ತಿದಾಗ ಕೆಲಸಕ್ಕೆ ನಿಲ್ಲುವುದು ಜಿಸಿಸಿ. ಅದು ಮೇಸ್ತ್ರಿಯೂ ಹೌದು. ತನ್ನ ಕೆಲಸ ಮುಗಿದ ಮೇಲೆ ಅಸೆಂಬ್ಲರನ್ನು, ಲಿಂಕರನ್ನು ತಾನೇ ಕರೆಯುತ್ತದೆ. ನಾವು ಕೊಡುವ ಚೀಟಿಗಳೆಲ್ಲ ಮೊದಲು ಅದರ ಕೈಗೇ ಹೋಗುತ್ತವೆ.

"ಪ್ರೋಗ್ರಾಂ ಆದಷ್ಟು ಚಿಕ್ಕದಾಗಿರಲಿ" ಎಂಬ ಚೀಟಿ ಕೊಟ್ಟರೆ ಅದು ಕಂಪೈಲರಿಗೇ ಸೇರಿದ ಮಾತು, ಓದಿಕೊಂಡು ಹಾಗೇ ಮಾಡುತ್ತದೆ. ಆದರೆ "ಯಾರೂ ಬಳಸದ ತುಂಡುಗಳನ್ನು ಎಸೆದುಬಿಡು" ಎಂಬುದು ಲಿಂಕರಿಗೆ ಹೇಳುವ ಮಾತು. ಅದನ್ನು ನೇರವಾಗಿ ಜಿಸಿಸಿಗೆ ಕೊಟ್ಟರೆ "ಇಂಥ ಆಪ್ಷನ್ ನನಗೆ ಗೊತ್ತಿಲ್ಲ" ಎಂದು ಕೆಲಸ ನಿಲ್ಲಿಸಿಬಿಡುತ್ತದೆ. ಹಾಗಾದರೆ ಒಳಗಿರುವ ಲಿಂಕರಿಗೆ ತಲುಪಿಸುವುದು ಹೇಗೆ?

ಅದಕ್ಕೊಂದು ವಿಳಾಸ ಬರೆಯುವ ಪದ್ಧತಿ ಇದೆ. ಚೀಟಿಯ ಮುಂದೆ ಒಂದು ಗೀಟು, ದೊಡ್ಡ ಡಬ್ಲ್ಯೂ, ಸಣ್ಣ ಎಲ್, ಒಂದು ಅಲ್ಪವಿರಾಮ ಇಟ್ಟರೆ "ಇದನ್ನು ನೀನು ಓದಬೇಡ, ಲಿಂಕರಿಗೆ ಕೊಡು" ಎಂದು ಅರ್ಥ. ಎಲ್ ಬದಲು ಸಣ್ಣ ಎ ಇಟ್ಟರೆ ಅಸೆಂಬ್ಲರಿಗೆ. ಜಿಸಿಸಿ ವಿಳಾಸವನ್ನು ಹರಿದು, ಉಳಿದದ್ದನ್ನು ಹಾಗೆಯೇ ದಾಟಿಸುತ್ತದೆ.

ಆರ್ಡುಯಿನೋ ಮಾಡಿದವರು ಇನ್ನೂ ಒಂದು ಅನುಕೂಲ ಇಟ್ಟಿದ್ದಾರೆ. ಆರ್ಡುಯಿನೋದ ಜೊತೆಗೆ ಬರುವ ಒಂದು ಕಡತದಲ್ಲಿ ಸಿ ಕಂಪೈಲರಿಗೆ ಒಂದು, ಸಿ ಪ್ಲಸ್ ಪ್ಲಸ್ ಕಂಪೈಲರಿಗೆ ಒಂದು, ಅಸೆಂಬ್ಲಿ ಕಡತಗಳಿಗೆ ಒಂದು, ಕೊನೆಯ ಜೋಡಣೆಗೆ ಒಂದು ಎಂದು ಬೇರೆ ಬೇರೆ ಖಾಲಿ ಸಾಲುಗಳಿವೆ. ನಿಮಗೆ ಬೇಕಾದ ಹೆಚ್ಚುವರಿ ಆಪ್ಷನ್ನನ್ನು ಅದರದರ ಸಾಲಿನಲ್ಲೇ ಬರೆಯಬಹುದು. ಎಲ್ಲಕ್ಕೂ ಸೇರಿಸಿ ಒಂದೇ ಸಾಲು ಇಟ್ಟಿದ್ದರೆ ಸಿ ಪ್ಲಸ್ ಪ್ಲಸ್‌ಗೆ ಮಾತ್ರ ಸಲ್ಲುವ ಮಾತು ಅಸೆಂಬ್ಲರಿನ ತಲೆ ತಿನ್ನುತ್ತಿತ್ತು.

ಇಬ್ಬರಿಗೂ ಹೇಳಬೇಕಾದ ಮಾತು

ಈಗ ಸ್ವಲ್ಪ ಸೂಕ್ಷ್ಮವಾದ ಜಾಗಕ್ಕೆ ಬಂದಿದ್ದೇವೆ. ಲಿಂಕರಿಗೆ "ಬಳಸದ್ದನ್ನು ಎಸೆ" ಎಂಬ ಚೀಟಿ ತಲುಪಿತು ಎನ್ನಿ. ಅದು ಎಸೆಯುತ್ತದೆಯೇ? ಎಸೆಯುತ್ತದೆ, ಆದರೆ ಇಡೀ ತುಂಡನ್ನು ಮಾತ್ರ. ತುಂಡನ್ನು ಒಡೆದು ಅರ್ಧ ಇಟ್ಟುಕೊಂಡು ಅರ್ಧ ಎಸೆಯಲು ಅದಕ್ಕೆ ಬರುವುದಿಲ್ಲ. ಕಂಪೈಲರೋ, ಬೇರೇನೂ ಹೇಳದಿದ್ದರೆ, ಒಂದು ಕಡತದಲ್ಲಿರುವ ಕೆಲಸಗಳನ್ನೆಲ್ಲ ಸಾಮಾನ್ಯವಾಗಿ ಒಂದೇ ತುಂಡಾಗಿ ಕಟ್ಟಿಕೊಡುತ್ತದೆ. ಹತ್ತು ಕೆಲಸಗಳಲ್ಲಿ ಒಂದನ್ನು ಮಾತ್ರ ನೀವು ಬಳಸಿದ್ದರೂ ಹತ್ತೂ ಚಿಪ್‌ನೊಳಗೆ ಹೋಗಿ ಕೂರುತ್ತವೆ. 32 ಕಿಲೋಬೈಟ್ ಜಾಗದಲ್ಲಿ ಇದು ದೊಡ್ಡ ನಷ್ಟ.

ಅದಕ್ಕೇ ಕಂಪೈಲರಿಗೂ ಒಂದು ಚೀಟಿ ಬೇಕು: "ಒಂದೊಂದು ಕೆಲಸವನ್ನೂ ಬೇರೆ ಬೇರೆ ತುಂಡಾಗಿ ಕಟ್ಟು." ಆಗ ಲಿಂಕರ್ ಒಂಬತ್ತನ್ನು ಆರಿಸಿ ಎಸೆಯಬಲ್ಲದು. ಎರಡು ಚೀಟಿಗಳೂ ಸೇರಿದರೆ ಮಾತ್ರ ಗುಣ. ಸೀರೆಯ ಸೆರಗಿನಲ್ಲಿ ಕಸೂತಿ ಹೂವು ಬೇಕಾದರೆ ಕಸೂತಿಯವರಿಗೆ ಹೇಳಿದರಷ್ಟೇ ಸಾಲದು. ಅಚ್ಚು ಒತ್ತುವವರಿಗೆ "ಸೆರಗಿನಲ್ಲಿ ಜಾಗ ಖಾಲಿ ಬಿಡಿ" ಎಂದು ಅದಕ್ಕೂ ಮೊದಲೇ ಹೇಳಿರಬೇಕಲ್ಲವೇ? ಹಾಗೆ.

ಇನ್ನೊಂದು ಉದಾಹರಣೆ ದಶಮಾಂಶದ ಸಂಖ್ಯೆಗಳದ್ದು. 3.14 ಅನ್ನು 2.5ರಿಂದ ಗುಣಿಸಬೇಕು. ಕೆಲವು ಚಿಪ್‌ಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಇರುತ್ತದೆ. ಆರ್ಡುಯಿನೋ ಊನೋದಂಥ ಚಿಪ್‌ನಲ್ಲಿ ಅದು ಇಲ್ಲ, ಪೂರ್ಣಾಂಕಗಳ ಸಣ್ಣ ಸಣ್ಣ ಲೆಕ್ಕಗಳಿಂದಲೇ ಅದನ್ನು ಸಾಧಿಸಬೇಕು. ಆರ್ಮ್ ಎಂಬ ಇನ್ನೊಂದು ಜಾತಿಯಲ್ಲಿ ಎರಡೂ ಬಗೆಯ ಚಿಪ್‌ಗಳಿವೆ. ಹಾಗಾಗಿ ಪ್ರೋಗ್ರಾಮಿನ ಒಂದು ಭಾಗ ಇನ್ನೊಂದಕ್ಕೆ ದಶಮಾಂಶ ಸಂಖ್ಯೆಯನ್ನು ಕೊಡಲು ಅಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಆ ಸಂಖ್ಯೆಯನ್ನು ಪ್ರತ್ಯೇಕ ವಿಭಾಗದ ರಿಜಿಸ್ಟರಿನಲ್ಲಿ, ಅಂದರೆ ಚಿಪ್‌ನೊಳಗೆ ಸಂಖ್ಯೆ ಇಡುವ ಪುಟ್ಟ ಖಾನೆಯಲ್ಲಿ, ಇಡುತ್ತಾರೆ, ಇನ್ನೊಂದರಲ್ಲಿ ಸಾಧಾರಣ ರಿಜಿಸ್ಟರಿನಲ್ಲಿ. ನಿಮ್ಮ ಪ್ರೋಗ್ರಾಂ ಒಂದು ಪದ್ಧತಿ ಹಿಡಿದು, ಲೈಬ್ರರಿ ಇನ್ನೊಂದನ್ನು ಹಿಡಿದರೆ, ಒಬ್ಬರು ಇಟ್ಟ ಜಾಗ ಒಂದು, ಇನ್ನೊಬ್ಬರು ಹುಡುಕುವ ಜಾಗ ಇನ್ನೊಂದು. ಲಿಂಕರ್ ಇದನ್ನು ಗಮನಿಸಿ "ಇವೆರಡನ್ನು ನಾನು ಜೋಡಿಸಲಾರೆ" ಎನ್ನುತ್ತದೆ. ಅದು ಹಾಗೆ ಹಟ ಹಿಡಿಯುವುದೇ ಒಳ್ಳೆಯದು. ಜೋಡಿಸಿಬಿಟ್ಟಿದ್ದರೆ ಯಂತ್ರ ಓಡುತ್ತಿತ್ತು, ಲೆಕ್ಕ ಮಾತ್ರ ತಪ್ಪುತ್ತಿತ್ತು.

ಸಲಕರಣೆಯನ್ನೇ ಕಟ್ಟುವಾಗ

ಇಲ್ಲಿಯವರೆಗೆ ಸಲಕರಣೆ ಬಳಸುವಾಗ ಕೊಡುವ ಚೀಟಿಗಳನ್ನು ನೋಡಿದೆವು. ಆದರೆ ಕಂಪೈಲರ್ ಕೂಡ ಒಂದು ಪ್ರೋಗ್ರಾಮೇ! ಅದನ್ನೂ ಯಾರೋ ಬರೆದು, ಕಟ್ಟಿ, ಸಿದ್ಧಮಾಡಬೇಕು. ಹೊಸ ಚಿಪ್‌ಗೆ ಕೆಲಸ ಮಾಡುವವರು ಇಡೀ ಟೂಲ್‌ಚೈನನ್ನೇ ತಮಗೆ ಬೇಕಾದಂತೆ ಕಟ್ಟಿಕೊಳ್ಳಬೇಕಾಗುತ್ತದೆ.

ಕಟ್ಟುವುದರಲ್ಲಿ ಒಂದು ತಮಾಷೆಯ ತೊಡಕಿದೆ. ಪೂರ್ತಿ ಕಂಪೈಲರ್ ಸಿದ್ಧವಾಗಲು ಲೈಬ್ರರಿ ಬೇಕು. ಲೈಬ್ರರಿ ಸಿದ್ಧವಾಗಲು ಕಂಪೈಲರ್ ಬೇಕು! ಯಾವುದು ಮೊದಲು? ಹಿರಿಯರು ಕಂಡುಕೊಂಡ ದಾರಿ ಇದು: ಮೊದಲು ಅಸೆಂಬ್ಲರ್, ಲಿಂಕರ್. ಆಮೇಲೆ ಲೈಬ್ರರಿಯ ಹಂಗಿಲ್ಲದ ಒಂದು ಅರೆ ಕಂಪೈಲರ್. ಅದರಿಂದ ಲೈಬ್ರರಿ. ಆ ಲೈಬ್ರರಿಯನ್ನು ಇಟ್ಟುಕೊಂಡು ಪೂರ್ಣ ಕಂಪೈಲರ್. ಕೊನೆಗೆ ಡಿಬಗ್ಗರ್. ಅಂದರೆ ಕಂಪೈಲರನ್ನು ಎರಡು ಸಲ ಕಟ್ಟುತ್ತಾರೆ. ದೊಡ್ಡ ಕಂಪ್ಯೂಟರಿಗೂ ಇದು ದಣಿವಿನ ಕೆಲಸ, ಗಂಟೆಗಟ್ಟಲೆ ಹಿಡಿಯಬಹುದು.

ಇಷ್ಟೆಲ್ಲವನ್ನು ಕೈಯಾರೆ ಮಾಡುವುದು ಕಷ್ಟ ಎಂದು ಡ್ಯಾನ್ ಕೆಗೆಲ್ ಎಂಬವರು ಕ್ರಾಸ್‌ಟೂಲ್ ಎಂಬುದನ್ನು ಬರೆದರು. ಅದನ್ನು ಆಧರಿಸಿ ಯಾನ್ ಮೋರ‍್ಯಾನ್ ಎಂಬವರು 2007ರಲ್ಲಿ ಕ್ರಾಸ್‌ಟೂಲ್-ಎನ್‌ಜಿ ಶುರುಮಾಡಿದರು. ವೈಫೈ ಇರುವ ಇಎಸ್‌ಪಿ32 ಎಂಬ ಚಿಪ್ ನಿಮ್ಮ ಲ್ಯಾಬಿನಲ್ಲಿ ಇದ್ದರೆ, ಅದರ ಟೂಲ್‌ಚೈನನ್ನು ಅದರ ಕಂಪನಿಯವರು ಕಟ್ಟಿರುವುದು ಇದೇ ಕ್ರಾಸ್‌ಟೂಲ್-ಎನ್‌ಜಿಯಿಂದ. ಇದನ್ನು ತೆರೆದರೆ ಒಂದು ಪಟ್ಟಿ ಕಾಣುತ್ತದೆ: ಯಾವ ಚಿಪ್‌ಗೆ, ಯಾವ ಲೈಬ್ರರಿ, ಯಾವ ಕಂಪೈಲರ್. ಬೈನ್‌ಯುಟಿಲ್ಸ್‌ಗೆ ಹೆಚ್ಚುವರಿ ಆಪ್ಷನ್ ಬರೆಯಲು ಒಂದು ಜಾಗ, ಅರೆ ಕಂಪೈಲರಿಗೆ ಒಂದು ಜಾಗ, ಪೂರ್ಣ ಕಂಪೈಲರಿಗೆ ಮತ್ತೊಂದು. ಹೌದು, ಒಂದೇ ಜಿಸಿಸಿ ಆದರೂ ಎರಡು ಸಲ ಕಟ್ಟುವುದರಿಂದ ಅದಕ್ಕೆ ಎರಡು ಚೀಟಿ. ಅರೆ ಕಂಪೈಲರಿಗೆ ಕೊಡಬೇಕಾದ ಮಾತನ್ನು ಪೂರ್ಣ ಕಂಪೈಲರಿನ ಜಾಗದಲ್ಲಿ ಬರೆದರೆ, ಲೈಬ್ರರಿ ಕಟ್ಟುವ ಹೊತ್ತಿಗೆ ಆ ಮಾತು ಇನ್ನೂ ಯಾರ ಕಿವಿಗೂ ಬಿದ್ದಿರುವುದಿಲ್ಲ.

ಮೂರು ಊರು, ಮೂರು ಯಂತ್ರ

ಚೀಟಿ ಬರೆಯುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಈ ಸಲಕರಣೆ ಓಡುವುದು ಎಲ್ಲಿ?

ಹೀಗೆ ಊಹಿಸಿಕೊಳ್ಳಿ. ಅಹಮದಾಬಾದಿನ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಟೂಲ್‌ಚೈನನ್ನು ಕಟ್ಟುತ್ತಾರೆ. ಕಟ್ಟಿದ ಟೂಲ್‌ಚೈನನ್ನು ವಡೋದರಾದ ಕಾಲೇಜೊಂದರ ಬೇರೆ ಜಾತಿಯ ಕಂಪ್ಯೂಟರಿನಲ್ಲಿ ಬಳಸುತ್ತಾರೆ. ಅಲ್ಲಿನ ವಿದ್ಯಾರ್ಥಿಗಳು ಅದರಿಂದ ಸಿದ್ಧಮಾಡಿದ ಪ್ರೋಗ್ರಾಂ ಸೂರತ್‌ನ ಕಸೂತಿ ಯಂತ್ರದ ಚಿಪ್‌ನಲ್ಲಿ ಓಡುತ್ತದೆ. ಕಟ್ಟಿದ ಯಂತ್ರ ಒಂದು, ಬಳಸುವ ಯಂತ್ರ ಇನ್ನೊಂದು, ಕೊನೆಗೆ ಪ್ರೋಗ್ರಾಂ ಓಡುವ ಯಂತ್ರ ಮತ್ತೊಂದು. ಕಂಪ್ಯೂಟರಿನವರು ಇವನ್ನು ಬಿಲ್ಡ್, ಹೋಸ್ಟ್, ಟಾರ್ಗೆಟ್ ಎಂದು ಕರೆಯುತ್ತಾರೆ. ಆರ್ಡುಯಿನೋದಂಥ ಸಾಮಾನ್ಯ ಸಂದರ್ಭದಲ್ಲಿ ಮೊದಲಿನ ಎರಡು ಒಂದೇ ಜಾತಿಯವಾಗಿರುತ್ತವೆ, ಮೂರನೆಯದು ಬೇರೆ.

ಈಗ ಹೇಳಿ, "ಸೂರತ್‌ನ ಚಿಪ್‌ಗೆ ಹೊಂದುವಂತೆ ಮಾಡು" ಎಂಬ ಚೀಟಿಯನ್ನು ಯಾರಿಗೆ ಕೊಡಬೇಕು? ಲೈಬ್ರರಿಗೆ ಕೊಡಬೇಕು, ಏಕೆಂದರೆ ಲೈಬ್ರರಿಯ ತುಂಡುಗಳು ಸೂರತ್‌ನ ಯಂತ್ರದೊಳಗೇ ಹೋಗಿ ಕೂರುತ್ತವೆ. ಆದರೆ ಕಂಪೈಲರ್ ಓಡುವುದು ವಡೋದರಾದಲ್ಲಿ. ದೊಡ್ಡ ದೊಡ್ಡ ಸಂಖ್ಯೆಗಳ ಲೆಕ್ಕಕ್ಕೆಂದು ಜಿಸಿಸಿ ಜಿಎಂಪಿ ಎಂಬ ಸಹಾಯಕ ಸಂಗ್ರಹವನ್ನು ಬಳಸುತ್ತದೆ. ಅದು ಓಡುವುದೂ ವಡೋದರಾದಲ್ಲೇ. ಅದಕ್ಕೆ ಸೂರತ್‌ನ ಚೀಟಿ ಕೊಟ್ಟರೆ, ವಡೋದರಾದ ಕಂಪ್ಯೂಟರಿಗೆ ಅರ್ಥವಾಗದ ಅಂಕಿಗಳು ಅದರೊಳಗೆ ಸೇರಿ, ಕಂಪೈಲರ್ ಬಾಯಿ ತೆರೆಯುವ ಮೊದಲೇ ಬಿದ್ದುಹೋಗುತ್ತದೆ.

ಗದ್ದಲ ಮಾಡದ ತಪ್ಪು

ಗೊತ್ತಿಲ್ಲದ ಆಪ್ಷನ್ ಸಿಕ್ಕರೆ ಜಿಸಿಸಿ ಕೆಲಸ ನಿಲ್ಲಿಸುತ್ತದೆ ಎಂದೆನಲ್ಲ? ಸಲಕರಣೆಗಳನ್ನು ಕಟ್ಟುವಾಗ ಹಾಗಲ್ಲ. ಕಟ್ಟುವ ಮುನ್ನ ಕಾನ್ಫಿಗರ್ ಎಂಬ ಒಂದು ಪುಟ್ಟ ಪ್ರೋಗ್ರಾಂ ಚೀಟಿಗಳನ್ನು ಓದುತ್ತದೆ. ಅದಕ್ಕೆ ಪರಿಚಯವಿಲ್ಲದ "ಇದನ್ನು ಸೇರಿಸು", "ಅದನ್ನು ಬಿಡು" ಎಂಬ ಬಗೆಯ ಚೀಟಿ ಸಿಕ್ಕರೆ, ಸಾಮಾನ್ಯವಾಗಿ "ಈ ಆಪ್ಷನ್ ಪರಿಚಯವಿಲ್ಲ" ಎಂದು ಒಂದು ಎಚ್ಚರಿಕೆಯ ಸಾಲು ಬರೆದು ಮುಂದೆ ಹೋಗಿಬಿಡುತ್ತದೆ. ಸಾವಿರಾರು ಸಾಲುಗಳ ನಡುವೆ ಆ ಒಂದು ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ನ್ಯೂಲಿಬ್‌ಗೆ "ಅಂಕಿ-ಅಕ್ಷರ ಮುದ್ರಿಸುವ ಕೆಲಸವನ್ನು ಚಿಕ್ಕದಾಗಿ ಕಟ್ಟು" ಎಂದು ಹೇಳುವ ಒಂದು ಆಪ್ಷನ್ ಇದೆ. ಕಡಿಮೆ ಜಾಗದ ಚಿಪ್‌ಗಳಿಗೆ ಅದು ಬಹಳ ಉಪಯೋಗಿ. ಅದನ್ನು ಮರೆತು ಬೈನ್‌ಯುಟಿಲ್ಸ್‌ನ ಜಾಗದಲ್ಲಿ ಬರೆದರೆ ಏನಾಗುತ್ತದೆ? ಬೈನ್‌ಯುಟಿಲ್ಸ್ ಅದನ್ನು ಪಕ್ಕಕ್ಕಿಡುತ್ತದೆ. ನ್ಯೂಲಿಬ್‌ಗೆ ಅದು ತಲುಪುವುದೇ ಇಲ್ಲ. ಟೂಲ್‌ಚೈನ್ ಯಾವ ತಕರಾರೂ ಇಲ್ಲದೆ ಸಿದ್ಧವಾಗುತ್ತದೆ. ಪ್ರೋಗ್ರಾಂ ಕಟ್ಟಿದ ಮೇಲೆ ಅದು ಚಿಪ್‌ನಲ್ಲಿ ಹಿಡಿಸುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಮಾತು ಸರಿಯಾಗಿಯೇ ಇತ್ತು, ಕೇಳಬೇಕಾದವರು ಕೇಳಿರಲಿಲ್ಲ. ಗೂಡಂಗಡಿಯ ರೇಡಿಯೋದಂತೆ ಕಿರುಚುವ ತಪ್ಪು ಬೇಗ ಸಿಗುತ್ತದೆ, ಸುಮ್ಮನಿರುವ ತಪ್ಪನ್ನು ಹುಡುಕಲು ತಾಳ್ಮೆ ಬೇಕು. ಪಳಗಿದ ಎಂಜಿನಿಯರುಗಳು ಟೂಲ್‌ಚೈನ್ ಸಿದ್ಧವಾದ ಮೇಲೆ ಬರೆದಿಟ್ಟ ವರದಿಯನ್ನು ತೆರೆದು, ಒಂದೊಂದು ಚೀಟಿಯೂ ಅದರದರ ವಿಳಾಸಕ್ಕೆ ಸೇರಿತೇ ಎಂದು ನೋಡುವುದು ಅದಕ್ಕೇ.

ಅಹಮದಾಬಾದಿನಿಂದ ಬಾಹ್ಯಾಕಾಶಕ್ಕೆ

ತಪ್ಪಿದರೆ ಹತ್ತಿರ ಹೋಗಿ ಸರಿಪಡಿಸಲು ಆಗದ ಯಂತ್ರಗಳೂ ಇವೆ. ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ 1947ರಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಶುರುಮಾಡಿದರು. ಜನ ಅದನ್ನು ಪಿಆರ್‌ಎಲ್ ಎನ್ನುತ್ತಾರೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅಲ್ಲಿಗೆ ಹೋಗಿ, ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿ ಡಾಕ್ಟರೇಟ್ ಪಡೆದರು. ಮುಂದೆ ಅವರದೇ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಮೇಲೇರಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರಿನಲ್ಲಿ ಎಪಿಎಕ್ಸ್‌ಎಸ್ ಎಂಬ ಉಪಕರಣವಿತ್ತಲ್ಲ, ಚಂದ್ರನ ಮಣ್ಣಿನಲ್ಲಿ ಯಾವ ಯಾವ ಧಾತುಗಳಿವೆ ಎಂದು ಅಳೆದದ್ದು? ಅದನ್ನು ಮಾಡಿದ್ದು ಇದೇ ಪಿಆರ್‌ಎಲ್. ಇಂಥ ನೌಕೆಗಳ ಪ್ರೋಗ್ರಾಮುಗಳನ್ನು ಬರೆದು ಸಿದ್ಧಮಾಡುವುದು ನೆಲದ ಮೇಲಿನ ಕಂಪ್ಯೂಟರುಗಳಲ್ಲಿ, ಅವು ಓಡುವುದು ಬಾಹ್ಯಾಕಾಶದಲ್ಲಿ.

ಸಾರಾಭಾಯಿ ಹೆಸರಿನಲ್ಲಿ ತಿರುವನಂತಪುರದಲ್ಲಿರುವ ಬಾಹ್ಯಾಕಾಶ ಕೇಂದ್ರ ಮತ್ತು ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಸೇರಿ ರಾಕೆಟ್ ಕೆಲಸಕ್ಕೆ ಎರಡು 32 ಬಿಟ್ ಪ್ರೊಸೆಸರುಗಳನ್ನು ಮಾಡಿವೆ: ವಿಕ್ರಂ 3201 ಮತ್ತು ಕಲ್ಪನಾ 3201. ತಯಾರಾದ ಚಿಪ್‌ಗಳ ಮೊದಲ ಕಂತನ್ನು 2025ರ ಮಾರ್ಚ್ 5ರಂದು ಇಸ್ರೋಗೆ ಒಪ್ಪಿಸಿದರು. ಇವೆರಡರ ಕಥೆ ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ. ಕಲ್ಪನಾ ಅರ್ಥಮಾಡಿಕೊಳ್ಳುವುದು ಸ್ಪಾರ್ಕ್ ಎಂಬ, ಜಗತ್ತಿಗೆ ಮೊದಲೇ ಗೊತ್ತಿರುವ ಆಜ್ಞೆಗಳ ಪಟ್ಟಿಯನ್ನು. ಹಾಗಾಗಿ ಎಲ್ಲರಿಗೂ ತೆರೆದಿರುವ ಸಲಕರಣೆಗಳನ್ನು ಅದಕ್ಕೆ ಬಳಸಬಹುದು, ಬೇಕಾದ ಚೀಟಿ ಕೊಟ್ಟರಾಯಿತು. ವಿಕ್ರಂನ ಆಜ್ಞೆಗಳ ಪಟ್ಟಿ ಅದರದ್ದೇ. ಅದಕ್ಕೆ ಎಡಾ ಎಂಬ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್ ಎಲ್ಲವನ್ನೂ ಇಸ್ರೋದವರೇ ಕಟ್ಟಬೇಕಾಯಿತು. ಸಿ ಭಾಷೆಯ ಕಂಪೈಲರ್ ಇನ್ನೂ ಸಿದ್ಧವಾಗುತ್ತಿದೆ ಎಂದು ಆಗಲೇ ಹೇಳಿದ್ದರು. ಚಿಪ್ ಮಾಡುವುದು ಕೆಲಸದ ಒಂದು ಪಾಲು, ಅದರ ಜೊತೆ ಮಾತಾಡುವ ಸಲಕರಣೆಗಳ ಸಾಲನ್ನು ಕಟ್ಟುವುದು ಇನ್ನೊಂದು ಪಾಲು.

ಅಹಮದಾಬಾದಿನ ಹತ್ತಿರದ ಸಾಣಂದ್‌ನಲ್ಲಿ ಚಿಪ್‌ಗಳನ್ನು ಜೋಡಿಸಿ ಪರೀಕ್ಷಿಸುವ ಕಾರ್ಖಾನೆಗಳು ಬರುತ್ತಿವೆ. ಧೋಲೇರಾದಲ್ಲಿ ಚಿಪ್ ತಯಾರಿಸುವ ಕಾರ್ಖಾನೆಗೆ 2024ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿದ್ದಿದೆ. ಹೊಸ ಚಿಪ್‌ಗಳು ಬಂದಂತೆಲ್ಲ ಅವಕ್ಕೆ ಟೂಲ್‌ಚೈನ್ ಕಟ್ಟಬಲ್ಲವರೂ ಬೇಕು. ಅವರಲ್ಲಿ ನಿಮ್ಮಲ್ಲೊಬ್ಬರು ಯಾಕಿರಬಾರದು?

ನೀವೇ ನೋಡಿ

ಇದನ್ನೆಲ್ಲ ಕಣ್ಣಾರೆ ನೋಡಲು ಬೋರ್ಡ್ ಕೂಡ ಬೇಡ, ಆರ್ಡುಯಿನೋ ತಂತ್ರಾಂಶ ಇರುವ ಒಂದು ಕಂಪ್ಯೂಟರ್ ಸಾಕು. ದೊಡ್ಡವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ಒಂದು: ಪ್ರಿಫರೆನ್ಸಸ್ ತೆರೆಯಿರಿ. ಕಂಪೈಲ್ ಮಾಡುವಾಗ ವಿವರವಾಗಿ ತೋರಿಸು ಎಂಬ ಚೌಕಕ್ಕೆ ಗುರುತು ಹಾಕಿ.

ಎರಡು: ಊನೋ ಬೋರ್ಡನ್ನು ಆರಿಸಿ, ಉದಾಹರಣೆಗಳಲ್ಲಿರುವ ಬ್ಲಿಂಕ್ ಎಂಬ ಪ್ರೋಗ್ರಾಂ ತೆರೆದು, ಸರಿ ಗುರುತಿನ ಗುಂಡಿ ಒತ್ತಿ.

ಮೂರು: ಕೆಳಗಿನ ಕಪ್ಪು ಜಾಗದಲ್ಲಿ ಉದ್ದುದ್ದ ಸಾಲುಗಳು ಓಡುತ್ತವೆ. ಹೆದರಬೇಡಿ. ಅವುಗಳಲ್ಲಿ ಗೀಟಿನಿಂದ ಶುರುವಾಗುವ ಒಂದೊಂದು ಮಾತೂ ಒಂದೊಂದು ಚೀಟಿ. ಕೆಲಸಗಳನ್ನು ಬೇರೆ ಬೇರೆ ತುಂಡಾಗಿ ಕಟ್ಟು ಎಂಬ ಚೀಟಿಯಲ್ಲಿ ಫಂಕ್ಷನ್-ಸೆಕ್ಷನ್ಸ್ ಎಂಬ ಮಾತಿರುತ್ತದೆ. ಅದು ಕಂಪೈಲ್ ಮಾಡುವ ಸಾಲುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಗೀಟು, ಡಬ್ಲ್ಯೂ, ಎಲ್, ಅಲ್ಪವಿರಾಮದ ವಿಳಾಸ ಹೊತ್ತ ಚೀಟಿ ಎಲ್ಲಿದೆ ಹುಡುಕಿ. ಅದು ಕೊನೆಯ ಕಡೆ, ಎಲ್ಲವನ್ನೂ ಜೋಡಿಸುವ ಸಾಲಿನಲ್ಲಿ ಮಾತ್ರ ಇರುತ್ತದೆ.

ನಾಲ್ಕು: ಎಲ್ಲ ಮುಗಿದ ಮೇಲೆ ಪ್ರೋಗ್ರಾಂ ಎಷ್ಟು ಬೈಟ್ ಆಯಿತು ಎಂದು ಬರುತ್ತದೆ. 900ರ ಆಸುಪಾಸಿನ ಸಂಖ್ಯೆ ಕಂಡರೆ, ಆ ಎರಡು ಚೀಟಿಗಳೂ ತಮ್ಮ ಕೆಲಸ ಮಾಡಿವೆ.

ಇನ್ನೊಂದು ಚೀಟಿಯನ್ನೂ ನೀವು ಗಮನಿಸುತ್ತೀರಿ, ಚಿಪ್‌ನ ಹೆಸರು ಎಟಿಮೆಗಾ328ಪಿ ಎಂದು ಹೇಳುವುದು. ಅದು ಕಂಪೈಲ್ ಮಾಡುವ ಸಾಲುಗಳಲ್ಲೂ ಇದೆ, ಜೋಡಿಸುವ ಸಾಲಿನಲ್ಲೂ ಇದೆ. ಇದನ್ನು ಇಬ್ಬರಿಗೂ ಯಾಕೆ ಕೊಡಬೇಕು? ಕಂಪೈಲರಿಗೆ ಚಿಪ್‌ನ ಹೆಸರು ಗೊತ್ತಿದ್ದು ಲಿಂಕರಿಗೆ ಗೊತ್ತಿಲ್ಲದೆ ಹೋದರೆ ಏನೇನು ಕೆಡಬಹುದು? ಲಿಂಕರಿನ ಕೆಲಸ ಏನೆಂದು ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಓದಿ, ಗೆಳೆಯರೊಂದಿಗೆ ಕೂತು ಉತ್ತರ ಬರೆಯಿರಿ.